ಗುರುವಾರ ಡಿವೋರ್ಸ್, ಭಾನುವಾರ ಮದುವೆ

ಗಂಡನನ್ನು ಬಿಟ್ಟುಬಿಡುವಂತೆ ನನಗೆ ಸಲಹೆ ಕೊಟ್ಟವರು, ಡೌನ್‌ಟೌನ್ ಬೆಲ್ವ್ಯೂನ ಒಂದು ಗೃಹಪ್ರವೇಶದ ಊಟದಲ್ಲಿ ನನ್ನ ಪಕ್ಕ ಕೂತಿದ್ದ ಅಕೌಂಟೆಂಟು. ಪುಳಿಯೋಗರೆಯಲ್ಲಿ ಕಡಲೆಬೀಜ ಹುಡುಕುತ್ತಾ, "ಆಂಟಿ, ಪೇಪರ್ ಮೇಲೆ ಒಂದು ಡಿವೋರ್ಸ್ ತಗೊಂಡುಬಿಡಿ. ಇಲ್ಲಾಂದ್ರೆ ಮನೆ ಹೋಗುತ್ತೆ" ಎಂದರು. ಎಂದು ಇನ್ನೊಂದು ಸಲ ಪುಳಿಯೋಗರೆ ಹಾಕಿಸಿಕೊಂಡರು.

ವಿಷಯ ಇಷ್ಟು. ಇವರಿಗೆ, ಅಂದರೆ ನಮ್ಮ ಯಜಮಾನರಿಗೆ, ಪಾರ್ಕಿನ್ಸನ್ ಕಾಯಿಲೆ. ಕೆಂಟ್‌ನ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳ ಅಳತೆ ನೋಡುತ್ತಿದ್ದ ಕೈ ಈಗ ಅಂಗಿಯ ಗುಂಡಿ ಹಾಕಲೂ ಒಪ್ಪುವುದಿಲ್ಲ. ಸ್ನಾನ ಮಾಡಿಸುವವಳು ನಾನು, ನನ್ನ ಸೊಂಟವೂ ಕೈಕೊಟ್ಟಿತ್ತು. ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಳ್ಳೋಣವೆಂದರೆ ಅವರ ದರ ಕೇಳಿಯೇ ಫೋನ್ ಇಟ್ಟುಬಿಟ್ಟೆ. ಮುಪ್ಪಿನ ಆರೈಕೆಗೆಂದೇ ಒಂದು ಇನ್ಶೂರೆನ್ಸ್ ಇರುತ್ತದೆ. ಇವರು ಗಟ್ಟಿಮುಟ್ಟಾಗಿದ್ದಾಗ ಅದನ್ನು ಮಾರಲು ಬಂದ ಏಜೆಂಟನಿಗೆ, "ನನ್ನ ಬೆನ್ನು ಉಜ್ಜೋಕೆ ನನ್ನ ಹೆಂಡ್ತಿ ಇದಾಳೆ" ಎಂದು ಕಾಫಿ ಕುಡಿಸಿ ಕಳಿಸಿದ್ದರು. ಈಗ ಯಾವ ಕಂಪನಿಯೂ ಇವರನ್ನು ಸೇರಿಸಿಕೊಳ್ಳುವುದಿಲ್ಲ.

ಉಳಿದದ್ದು, ಕೈಯಲ್ಲಿ ಏನೂ ಇಲ್ಲದವರಿಗೆಂದು ಇಲ್ಲಿನ ಸರ್ಕಾರ ನಡೆಸುವ ಆರೋಗ್ಯ ಯೋಜನೆ. ಅದು ಸಿಗಬೇಕಾದರೆ ಗಂಡ ಹೆಂಡತಿ ಇಬ್ಬರ ಆಸ್ತಿಯೂ ಕರಗಬೇಕು, ಮನೆಯನ್ನೂ ಬಿಡುವುದಿಲ್ಲ ಎಂದು ನಮ್ಮ ಪರಿಚಯದವರೆಲ್ಲ ಹೇಳುತ್ತಿದ್ದರು. ನಮಗಿದ್ದದ್ದು ಕೆಂಟ್‌ನಲ್ಲಿ ಒಂದು ಮನೆ, ಒಂದಿಷ್ಟು ಉಳಿತಾಯ. ಇವರಿಗೆ ಆರೈಕೆ ಸಿಕ್ಕರೆ ನನಗೆ ಸೂರಿಲ್ಲ, ನನಗೆ ಸೂರು ಉಳಿದರೆ ಇವರಿಗೆ ಆರೈಕೆಯಿಲ್ಲ. ಡಿವೋರ್ಸ್ ಆದರೆ ಆಸ್ತಿಯೆಲ್ಲ ನನ್ನ ಪಾಲಿಗೆ ಬಂದು ಇವರು ಬರಿಗೈಯವರಾಗುತ್ತಾರೆ ಎಂಬುದು ಅಕೌಂಟೆಂಟರ ಲೆಕ್ಕ.

ಮನೆಗೆ ಬಂದು ಅಕೌಂಟೆಂಟರ ಮಾತು ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದರೆ, ಇವರು ಸೋಫಾದ ಮೇಲೆ ಕೂತು ನಗಲು ಶುರುಮಾಡಿದರು.

"ಮದುವೆ ಆದಾಗಿಂದ ಬಿಟ್ಟುಹೋಗ್ತೀನಿ, ಬಿಟ್ಟುಹೋಗ್ತೀನಿ ಅಂತಿದ್ದೆ. ಕೊನೆಗೂ ದೇವರು ಕಣ್ಣು ಬಿಟ್ಟ ಕಣೇ!"

"ನಾನು ಹೇಳ್ತಿದ್ದಿದ್ದು ತವರಿಗೆ ಹೋಗ್ತೀನಿ ಅಂತ ರೀ."

"ಆಗ್ಲಿ, ಜೀವನಾಂಶ ಎಷ್ಟು ಕೇಳ್ತೀಯ?"

"ನಿಮ್ಮ ಹತ್ರ ಏನೂ ಇರಬಾರದು ಅಂತಲೇ ಅಲ್ವಾ ಇದೆಲ್ಲ?"

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಫ್ರೀಮಾಂಟ್‌ನಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲಿ, "ಅಮ್ಮಾ, ದಿಸ್ ಈಸ್ ನಾಟ್ ಫನ್ನಿ!" ಎಂದು ಕೂಗಿದಳು. ಆದರೂ ಈ ವಿಷಯ ನೋಡಿಕೊಳ್ಳುವ ಒಬ್ಬ ವಕೀಲೆಯನ್ನು ಹುಡುಕಿ ಗುರುವಾರಕ್ಕೆ ಗೊತ್ತುಮಾಡಿದಳು.

ಆಗಲೇ ನನಗೆ ಹೊಳೆದದ್ದು, ಅದೇ ಭಾನುವಾರ ಇವರ ಭೀಮರಥ ಶಾಂತಿ. ಎಪ್ಪತ್ತು ತುಂಬುವಾಗ ಮಾಡುವ ಆ ಶಾಂತಿಯಲ್ಲಿ ಗಂಡ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟಬೇಕು. ಗುರುವಾರ ಬಿಡುವುದು, ಭಾನುವಾರ ಕಟ್ಟಿಕೊಳ್ಳುವುದು! ಸಂಕೋಚ ಬಿಟ್ಟು ಪುರೋಹಿತರಿಗೆ ಫೋನ್ ಮಾಡಿದೆ.

"ಡಿವೋರ್ಸ್ ಆದ್ಮೇಲೆ ಭೀಮರಥ ಶಾಂತಿ ಮಾಡಬಹುದಾ?"

ಅವರು, "ಊರಲ್ಲಿ ನಮ್ಮ ಗುರುಗಳನ್ನ ಕೇಳಿ ಹೇಳ್ತೀನಿ ತಾಯಿ. ಅಲ್ಲೀವರೆಗೂ ಹೂವಿನ ಆರ್ಡರ್ ಕ್ಯಾನ್ಸಲ್ ಮಾಡ್ಬೇಡಿ" ಎಂದರು.

ಡಿವೋರ್ಸಿಗೆ ಏನು ಉಡಬೇಕೆಂದು ನನ್ನ ತಾಯಿ ನನಗೆ ಹೇಳಿಕೊಟ್ಟಿರಲಿಲ್ಲ. ನೇರಳೆ ಬಣ್ಣದ ಮೈಸೂರು ರೇಷ್ಮೆ ಉಟ್ಟೆ. ಇವರು ಹಟ ಹಿಡಿದು ಸೂಟ್ ಹಾಕಿಸಿಕೊಂಡರು. ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬಿ ಕೊಬ್ಬರಿ ಮಿಠಾಯಿಯನ್ನೂ ತೆಗೆದುಕೊಂಡೆ. ನಮ್ಮನ್ನು ನೋಡಿದ ವಕೀಲೆಗೆ ನಾವು ಯಾವುದೋ ಆರತಕ್ಷತೆಗೆ ಹೋಗುವ ದಾರಿಯಲ್ಲಿ ಬಂದಿದ್ದೇವೆ ಅನ್ನಿಸಿರಬೇಕು. ಏನಾಗಬೇಕಿತ್ತು ಎಂದು ಆಕೆ ಕೇಳಿದ್ದೇ ತಡ, ಇವರು ಗಂಭೀರವಾಗಿ, "ಮೈ ವೈಫ್ ವಾಂಟ್ಸ್ ಎ ಡಿವೋರ್ಸ್" ಎಂದುಬಿಟ್ಟರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಮಗಳು ಚಾವಣಿ ನೋಡುತ್ತಿದ್ದಳು.

ನಮ್ಮ ಕಥೆಯನ್ನೆಲ್ಲ ಕೇಳಿ ಆಕೆ ಪೆನ್ನು ಕೆಳಗಿಟ್ಟು ಬಿಡಿಸಿ ಹೇಳಿದಳು. ಡಿವೋರ್ಸ್ ಏನೂ ಬೇಕಾಗಿಲ್ಲ. ಕಾಯಿಲೆಯವರ ಸಂಗಾತಿಯನ್ನು ಕಾನೂನು ಬೀದಿಗೆ ತಳ್ಳುವುದಿಲ್ಲ. ಸಂಗಾತಿ ವಾಸವಿರುವ ಮನೆ, ಒಂದು ಕಾರು, ಒಂದು ಮಿತಿಯವರೆಗಿನ ಉಳಿತಾಯ ಸಂಗಾತಿಗೇ ಉಳಿಯುತ್ತದೆ. ಮಿತಿ ಮೀರಿದ ಹಣದಲ್ಲಿ ಬಚ್ಚಲುಮನೆಗೆ ಹಿಡಿಕೆ ಹಾಕಿಸಿ ರಿಪೇರಿ ಮಾಡಿಸಿಕೊಳ್ಳಬಹುದು. ಮನೆಯನ್ನು ಮಗಳಿಗೆ ಕೊಟ್ಟಿದ್ದರೆ ತೊಂದರೆ, ಹಿಂದಿನ ಐದು ವರ್ಷದಲ್ಲಿ ಯಾರಿಗೆ ಏನು ಕೊಟ್ಟಿರಿ ಎಂದು ಕೆದಕುತ್ತಾರೆ; ಹೆಂಡತಿಯ ಹೆಸರಿಗೆ ಬರೆದುಕೊಟ್ಟರೆ ಅಡ್ಡಿಯಿಲ್ಲ. ಇವರು ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ಯೋಜನೆಯಲ್ಲಿ ಸಹಾಯಕರು ಮನೆಗೇ ಬರುತ್ತಾರೆ. ಮಗಳು ಅಲ್ಲೇ ಅತ್ತುಬಿಟ್ಟಳು. ನಾನು ಎದ್ದು ಎಲ್ಲರಿಗೂ ಮಿಠಾಯಿ ಹಂಚಿದೆ, ಹೊರಗೆ ಕೂತಿದ್ದ ಯಾರದೋ ಮನೆಯವರಿಗೂ.

ವಾಪಸು ಬರುವಾಗ ಮಗಳು ಡ್ರೈವ್ ಮಾಡುತ್ತಿದ್ದಳು, ಹಿಂದಿನ ಸೀಟಿನಲ್ಲಿ ನಾವಿಬ್ಬರು. ನಾನು ಖುಷಿಯಲ್ಲಿ ಬಚ್ಚಲಿನ ಟೈಲ್ಸ್ ಯಾವ ಬಣ್ಣದ್ದಿರಬೇಕೆಂದು ವಟಗುಟ್ಟುತ್ತಿದ್ದೆ. ಇವರು ಕಿಟಕಿಯ ಕಡೆ ತಿರುಗಿ ಕೂತಿದ್ದರು.

"ಯಾಕ್ರೀ, ಸುಸ್ತಾಯ್ತಾ?"

"ನಾನು ತಮಾಷೆಗೆ ಹೇಳ್ತಿರ್ಲಿಲ್ಲ ಕಣೇ. ನಿಜವಾಗ್ಲೂ ಸೈನ್ ಹಾಕೋಣ ಅಂತಲೇ ಬಂದಿದ್ದೆ. ಆಮೇಲೆ ಎಲ್ಲಾದ್ರೂ ಒಂದು ಓಲ್ಡ್ ಏಜ್ ಹೋಮ್ ಸೇರ್ಕೊಂಡ್ರೆ, ನೀನು ನೆಮ್ಮದಿಯಾಗಿ ಇರ್ತೀಯ ಅಂತ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಷ್ಟು ದಿನ ನಾನು ನಗುತ್ತಿದ್ದೆ, ಈ ಮನುಷ್ಯ ನಗುತ್ತಲೇ ಗಂಟುಮೂಟೆ ಕಟ್ಟುತ್ತಿದ್ದರು. ಮನೆ ಹೋಗುತ್ತದೆ ಎಂದಾಗಲೂ ಆಗದಷ್ಟು ಭಯವಾಯಿತು. ದಾರಿಯಲ್ಲಿ ಸಿಗುವ ರೆಂಟನ್ ದಾಟುವವರೆಗೂ ಬಾಯಿಗೆ ಬಂದಂತೆ ಬೈದೆ. ಕನ್ನಡಿಯಲ್ಲಿ ಮಗಳ ಕಣ್ಣು ಕಾಣುತ್ತಿತ್ತು. ಒಂದು ಮಾತೂ ಅವಳಿಗೆ ಅರ್ಥವಾಗದೆ ಉಳಿದಿರಲಾರದು.

ಭಾನುವಾರ ದೇವಸ್ಥಾನದ ಹಾಲ್‌ನಲ್ಲಿ ಮುಹೂರ್ತದ ಹೊತ್ತಿಗೆ ಇವರ ಕೈ ಎಂದಿಗಿಂತ ಹೆಚ್ಚು ನಡುಗುತ್ತಿತ್ತು. ಗಟ್ಟಿಮೇಳ ಮುಗಿದರೂ ಮೊದಲನೆಯ ಗಂಟೇ ಕೂಡಲಿಲ್ಲ. "ಮಗಳು ಸ್ವಲ್ಪ ಕೈ ಹಾಕಲಿ" ಎಂದರು ಪುರೋಹಿತರು. ಬೇಡ, ಎಷ್ಟು ಹೊತ್ತಾದರೂ ಇವರೇ ಕಟ್ಟಲಿ ಎಂದೆ. ಬಗ್ಗಿ ಕೂತವಳು ಇವರಿಗೆ ಮಾತ್ರ ಕೇಳುವಂತೆ ಹೇಳಿದೆ.

"ಮನೆ ಪೂರ್ತಿ ನನ್ನ ಹೆಸರಿಗೆ ಬರ್ತಿದೆ, ನೆನಪಿರಲಿ. ಇನ್ಮೇಲೆ ಬಿಟ್ಟುಹೋಗೋದಾದ್ರೆ ಓನರ್‌ನ ಕೇಳಿ ಹೋಗ್ಬೇಕು. ಓನರ್ ಕಳಿಸಲ್ಲ."

ಇವರು ಮೈಯೆಲ್ಲ ಕುಲುಕಿ ನಗತೊಡಗಿದರು. ಆಗಷ್ಟೇ ಕೂಡಿದ್ದ ಗಂಟು ಬಿಚ್ಚಿಹೋಯಿತು. ಪುರೋಹಿತರು ಮಂತ್ರವನ್ನು ಮೊದಲಿನಿಂದ ಹೇಳಲು ಶುರುಮಾಡಿದರು.