ಮಂದಿ ಮುಂದೆ ಕೊಡದ ಕೈ

ನಾನು ಓದಿದ್ದು ಮೂರನೆಯ ಇಯತ್ತೆ. ಕಲೆ ಅಂದರೆ ಏನೆಂದು ನನಗೆ ತಿಳಿಯದು, ತಿಳಿಯುವ ಆಸೆಯೂ ಇಲ್ಲ. ಹೋದ ಚಳಿಗಾಲದಲ್ಲಿ ಪುಣೆಯ ನಮ್ಮ ಮನೆ ಹತ್ತಿರದ ಗಾರ್ಡನ್ನಿನಲ್ಲಿ ನಡೆದದ್ದನ್ನು ಮಾತ್ರ ಕಲೆ ಎಂದೇ ಕರೆದರು. ಒಂದು ಬೆಂಚಿನ ಮೇಲೆ ಹರೆಯದ ಗಂಡು ಹೆಣ್ಣು ಅಪ್ಪಿಕೊಂಡು ಕೂತಿದ್ದರು, ಅಲುಗಾಡದೆ, ಹಲ್ಲಿಗಳ ಹಾಗೆ. ಸುತ್ತ ಮಂದಿ. ಎದುರಿನ ಬೆಂಚು ಖಾಲಿ. ಬೇಕಾದ ಜೋಡಿ ಅಲ್ಲಿ ಕೂತು ಎಲ್ಲರೆದುರು ಐದು ನಿಮಿಷ ಕೈ ಹಿಡಿದುಕೊಳ್ಳಬೇಕಂತೆ.

ನಾನೂ ನಮ್ಮವರೂ ಕಾಯಿಪಲ್ಲೆ ತಗೊಂಡು ಆ ದಾರಿಯಲ್ಲೇ ಮನೆಗೆ ಹೊರಟಿದ್ದೆವು. ಅದನ್ನು ನಡೆಸುತ್ತಿದ್ದ, ಕೂದಲು ಕತ್ತರಿಸಿಕೊಂಡ ಒಬ್ಬ ಹುಡುಗಿ ಅಡ್ಡ ಬಂದು, "ಆಜೋಬಾ, ಆಜಿ, ಬಸಾ ನಾ," ಅಜ್ಜ ಅಜ್ಜಿ ಕೂತುಕೊಳ್ಳಿ ಎಂದು ಖಾಲಿ ಬೆಂಚು ತೋರಿಸಿದಳು. ನಮ್ಮವರು ಅರಿವೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಮನೆಯಲ್ಲಿ ನಕ್ಕಿದ್ದನ್ನು ನಾನು ಕಂಡಿಲ್ಲ. ಅಲ್ಲಿ ಹಲ್ಲು ಬಿಟ್ಟು ಕೂತರು, ನನ್ನ ಕಡೆ ಅಂಗೈ ಚಾಚಿದರು.

"ಬಾ ಇಲ್ಲೆ. ಕೈ ಕೊಡ."

"ಯಾಕ್ರಿ?"

"ಮಂದಿ ನೋಡಾಕತ್ತಾರ."

ನನ್ನ ಮೈ ಉರಿಯಿತು. ಹಿಂದೊಮ್ಮೆ ಇಂದಾಪುರದ ಸ್ಟ್ಯಾಂಡಿನಲ್ಲಿ ಎಸ್ಟಿ ಬಸ್ಸು ಇಳಿಯುವಾಗ ಕಾಲು ಹೊರಳಿ ಬಿದ್ದಿದ್ದೆ. ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ಕೈ ಕೊಡಿ ಎಂದು ಬೇಡಿದ್ದೆ. "ಏಳ, ಮಂದಿ ನೋಡ್ತಾರ," ಎಂದು ಇವರು ದೂರವೇ ನಿಂತರು. ಎಬ್ಬಿಸಿದವಳು ಕಬ್ಬಿನ ಹಾಲು ಮಾರುವ, ಗುರುತಿಲ್ಲದ ಹೆಂಗಸು.

"ಇಂದಾಪುರದಾಗ ಮಂದಿ ನೋಡ್ತಾರಂತ ಕೈ ಕೊಡಲಿಲ್ಲ ನೀವು. ಇವತ್ತ ಅದ ಮಂದಿ ಸಲುವಾಗಿ ನನ್ನ ಕೈ ಬೇಕಾತೇನ್ರಿ?"

"ಹಳೇದೆಲ್ಲಾ ತಗೀಬ್ಯಾಡ. ಮರ್ಯಾದಿ ಹೊಕ್ಕದ. ಐದ ಮಿನಿಟ."

"ಅರ್ಧ ಮಿನಿಟೂ ಇಲ್ಲ."

ಚೀಲ ಇಳಿಸದೆ ಅಲ್ಲೇ ನಿಂತೆ. ಅವರು ಕೈ ಚಾಚಿಯೇ ಕೂತರು. ಹಿಂದಕ್ಕೆ ಎಳೆದುಕೊಂಡರೆ ಸೋತಂತೆ ಕಾಣುತ್ತದಲ್ಲ. ತೋಳು ಸೋತಾಗ ಇನ್ನೊಂದು ಕೈಯನ್ನು ಮೊಣಕೈಗೆ ಆಸರೆ ಕೊಟ್ಟರು. ನನಗೇನೂ ಅನ್ನಿಸಲಿಲ್ಲ. ನಮ್ಮ ಕನ್ನಡ ತಿಳಿಯದ ಮಂದಿ ಮೊಬೈಲ್ ಹಿಡಿದು ನೋಡಿದರು, ಐದು ನಿಮಿಷವಾದ ಮೇಲೆ ಚಪ್ಪಾಳೆ ತಟ್ಟಿದರು. ಆ ಹುಡುಗಿ ಕಣ್ಣೊರೆಸಿಕೊಂಡು, ಭಾರಿ ಚೆನ್ನಾಗಿ ಮಾಡಿದಿರಿ ಆಜಿ, ನಾಳೆಯೂ ಬನ್ನಿ ಎಂದು ಮರಾಠಿಯಲ್ಲಿ ಹೇಳಿದಳು.

ನಾನೂ ಮರಾಠಿಯಲ್ಲೇ, ಗಟ್ಟಿಯಾಗಿ ಹೇಳಿದೆ: ಇದು ನಾಟಕವಲ್ಲ ಹುಡುಗೀ, ಈ ಮನುಷ್ಯನ ಕೈ ನನಗೆ ನಿಜವಾಗಿಯೂ ಬೇಡ.

ಚಪ್ಪಾಳೆ ನಿಂತಿತು. ನಮ್ಮವರು ಕೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡರು. ಪಾಪ, ಅವರಿಗೆ ಎಷ್ಟು ನೋವಾಗಿರಬೇಕು ಎಂದು ನನ್ನ ಸೊಸೆ ಇವತ್ತಿಗೂ ಅನ್ನುತ್ತಾಳೆ. ಆಗಿರಬೇಕು. ಆಗಲಿ ಎಂದೇ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಿದ್ದು.