ಹೊಟ್ಟೆ ಸೀಳದ ‘ಲಾಬ’

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ನೀವೂ ನಗಬಹುದು, ನನಗೇನೂ ಬೇಸರವಿಲ್ಲ.

ನಾನು ಶಿಲ್ಪಿ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಕೂತು, ನಡೆಯದೇ ಹೋದ ಚರಿತ್ರೆಗೆ ಹಳೇ ಸಾಮಾನು ಮಾಡುವುದು ನನ್ನ ಚಟ. ಕುಂಪಣಿ ಸರ್ಕಾರ ಸೋತು, ಇಂಗ್ಲಿಷರೇ ಹರಿಹರಕ್ಕೆ ಬಂದು ನಮಗೆ ಜೋಳದ ಕಪ್ಪ ಅಳೆದುಕೊಟ್ಟಿದ್ದರೆ? ಕೆಲವು ವರ್ಷಗಳ ಹಿಂದೆ ಆ ಯೋಚನೆಯಲ್ಲೇ ಒಂದು ಹಿತ್ತಾಳೆ ಸೇರು ಮಾಡಿದೆ. ಹೊರಗೆ ‘ಕುಂಪಣಿ ಕಪ್ಪ’ ಎಂದು ಕೊರೆದೆ. ಕಾಳು ಅಳೆಯುವಾಗ ನಮ್ಮಲ್ಲಿ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಶುರು ಮಾಡುತ್ತಾರಲ್ಲ, ಆ ಪದವನ್ನು ಒಳತಳದಲ್ಲಿ ಬರೆದೆ. ಆದರೆ ಮಾತಾಡುವ ಹಾಗೇ ಬರೆದು ‘ಲಾಬ’ ಮಾಡಿಬಿಟ್ಟಿದ್ದೆ. ಎರಕ ಹೊಯ್ದ ಹರಿಹರದ ದಾದಾಪೀರ್ ಸಾಬರಿಗೂ ನನಗೂ ಅದು ಕಂಡಿದ್ದು ಆಮೇಲೆ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ.

ಪತ್ರಿಕೆಯಲ್ಲಿ ಸೇರಿನ ಫೋಟೊ ಬಂತು, ಹೊರಮೈ ಮಾತ್ರ; ಕೆಳಗೆ ಎರಕ ಹೊಯ್ದ ಸಾಬರ ಹೆಸರೂ ಇತ್ತು. ಮರುದಿನ ಮಧ್ಯಾಹ್ನ ಸಾಬರ ಫೋನು: “ಸೇರು ತಗೊಂಡು ಬೇಗ ಬರ್ರಿ ಸರ್.” ಸೇರನ್ನು ಚೀಲಕ್ಕೆ ಹಾಕಿಕೊಂಡು ಓಡಿದೆ. ಕಡರನಾಯಕನಹಳ್ಳಿಯ ಗಂಗಮ್ಮ ಎಂಬಾಕೆ ಅವರ ಶೆಡ್ಡಿನ ಮುಂದೆ ನಿಂತು, ತನ್ನ ಅಜ್ಜನ ಸೇರು ಕಳುವಾಗಿ ಇಲ್ಲಿ ಸೇರಿದೆ ಎಂದು ಕೂಗಾಡುತ್ತಿದ್ದರು. ಜನ ನೆರೆದಿದ್ದರು. ಕಳ್ಳಮಾಲಿನ ಒಂದು ಚೂರನ್ನೂ ಎಂದೂ ಮುಟ್ಟದ ಸಾಬರು ತಲೆ ತಗ್ಗಿಸಿ ಕೂತಿದ್ದರು. ನಾನು ಜನರ ನಡುವೆ ನುಗ್ಗಿದೆ.

“ಪೇಪರಲ್ಲಿ ಬಂದ ಸೇರು ಮಾಡಿದ್ದು ನಾನೇ ಕಣ್ರಿ,” ಎಂದೆ.

“ಹಂಗಾರೆ ಒಳಗ ನೋಡ್ರಿ. ಲಾಬ ಅಂತ ಐತೆ, ಬಕ್ಕೆ ಹೊಟ್ಟೆ ಸೀಳಿಲ್ಲ. ನಮ್ಮಜ್ಜ ಅದನ್ನ ತೋರ್ಸಿ ತೋರ್ಸಿ ನಗ್ತಿದ್ದ.”

ಸೇರು ಇನ್ನೂ ನನ್ನ ಚೀಲದಲ್ಲೇ ಇತ್ತು. ಕೊನೆಗೆ, ಗಂಗಮ್ಮನ ಮನೆಯಲ್ಲೊಮ್ಮೆ ಹುಡುಕೋಣ ಎಂದು ಮೂವರೂ ಆಟೊ ಹತ್ತಿದೆವು. ಅಟ್ಟದ ಮೇಲೆ, ಹಳೇ ಗೋಣಿಚೀಲಗಳ ಅಡಿಯಲ್ಲಿ ಆಕೆಯ ಸೇರು ಸಿಕ್ಕಿತು!

“ತಪ್ಪಾತ್ರಿ ಅಣ್ಣಾ, ಬಾಯಿಗೆ ಬಂದಂಗ ಅಂದುಬಿಟ್ಟೆ,” ಎಂದು ಗಂಗಮ್ಮ ಅತ್ತೇಬಿಟ್ಟರು.

“ಅಳಬ್ಯಾಡ್ರಿ ಅವ್ವಾ, ಸಿಕ್ತಲ್ಲ,” ಎಂದ ಸಾಬರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಜೋರಾಗಿ ನಕ್ಕರು. ಆಕೆ ಶೆಡ್ಡಿಗೆ ವಾಪಸು ಬಂದು, ನೆರೆದವರ ಮುಂದೆಯೇ ತಪ್ಪೊಪ್ಪಿಕೊಂಡರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನನಗೂ ನಗು ಬಂತು.

ಆದರೆ ಎರಡೂ ಸೇರು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಅದೇ ‘ಕುಂಪಣಿ ಕಪ್ಪ’, ಅದೇ ‘ಲಾಬ’. ಆ ಮನೆಗೆ ನಾನು ಹಿಂದೆ ಕಾಲಿಟ್ಟವನಲ್ಲ. ಆ ಕಪ್ಪ ಯಾರು ಯಾರಿಗೆ ಕೊಟ್ಟದ್ದೆಂದು ಗಂಗಮ್ಮನಿಗೂ ಗೊತ್ತಿಲ್ಲ.

ಈಗ ಹೊಸ ಅಚ್ಚು ಒಯ್ದಾಗಲೆಲ್ಲ ಸಾಬರು ಕುಲುಮೆ ಹೊತ್ತಿಸುವ ಮೊದಲು ಕೇಳುತ್ತಾರೆ: “ಮೊದ್ಲು ಹೇಳಿಬಿಡ್ರಿ ಸರ್, ಇದು ಯಾರ ಮನ್ಯಾಗ ಐತೆ?”

ಅವರು ನಗುತ್ತಾರೆ, ನಾನೂ ನಗುತ್ತೇನೆ. ಯಾರ ಮನೆಯಲ್ಲೂ ಇಲ್ಲ ಎನ್ನಲು ಮಾತ್ರ ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ.