ಎ.ಸಿ. ಕೋಣೆಯ ಮಡಿ ಸೀರೆ

ಸುಮತಿ ಹಟ ಹಿಡಿದರೆ ಬಿಡುವವಳಲ್ಲ ಎಂದು ಅವಳ ಗಂಡ ಹಯವದನ ಬ್ಯಾಂಕಿನಲ್ಲಿ ಕಂಡಕಂಡವರ ಮುಂದೆ ದೂರುತ್ತಿದ್ದ. ದೂರುವುದಕ್ಕೇನು, ಅವನ ಸಂಸಾರ ನಡೆದದ್ದೇ ಅವಳ ಹಟದ ಮೇಲೆ. ಧಾರವಾಡದಿಂದ ಅಹಮದಾಬಾದಿಗೆ ವರ್ಗವಾಗಿ ಬಂದಾಗ ಬೋಡಕ್‌ದೇವ್‌ನಲ್ಲಿ ಫ್ಲ್ಯಾಟು ಹುಡುಕಿದವಳು ಅವಳು. ತೊಂಬತ್ತಾರರ ಬೇಸಿಗೆಯಲ್ಲಿ ಎ.ಸಿ. ಹಾಕಿಸಿದವಳೂ ಅವಳೇ.

ಮಳೆಗಾಲ ಹಿಡಿಯಿತು. ಮನೆಮಂದಿಯೆಲ್ಲ ಮಲಗುತ್ತಿದ್ದ ಆ ಒಂದೇ ಎ.ಸಿ. ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಬಂತು. ಕಪಾಟು ತೆಗೆದರೆ ಮುಗ್ಗಲು ವಾಸನೆ. ಏಳು ವರ್ಷದ ಮಗಳು ಚೈತ್ರಾಳಿಗೆ ಹತ್ತಿದ ಕೆಮ್ಮು ಉಬ್ಬಸಕ್ಕೆ ತಿರುಗಿತು. ಗೋಡೆಯ ತೇವ ಹೋಗದೆ ಔಷಧ ನಾಟುವುದಿಲ್ಲ ಎಂದರು ಡಾಕ್ಟರು. ಸುಮತಿ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದಳು, ಬಣ್ಣ ಹೊಡೆಸಿದಳು, ಎ.ಸಿ. ಬಿಚ್ಚಿಸಿ ತೊಳೆಸಿದಳು. ಬೂಷ್ಟು ಜಪ್ಪಯ್ಯ ಎಂದರೂ ಹೋಗಲಿಲ್ಲ.

ಕೊನೆಗೆ ಹಯವದನ, ಚೈತ್ರಾಳನ್ನು ಧಾರವಾಡದ ತಂಗಿಯ ಮನೆಯಲ್ಲಿಟ್ಟು ಅಲ್ಲೇ ಶಾಲೆಗೆ ಹಾಕುವುದೆಂದು ತೀರ್ಮಾನಿಸಿದ. ಅವನ ತಾಯಿ ಸಾವಿತ್ರಮ್ಮನೂ ಹೂಂ ಅಂದರು. ರಜೆಗೊಮ್ಮೆ ಬಂದುಹೋಗಲೆಂದು ಸುಮತಿ ಮಗಳನ್ನು ಹೆತ್ತಿರಲಿಲ್ಲ. ಕಳಿಸುವುದಿಲ್ಲ, ಗೋಡೆಯನ್ನೇ ಒಣಗಿಸುತ್ತೇನೆ ಎಂದಳು.

ಅಷ್ಟರಲ್ಲಿ ಸಾವಿತ್ರಮ್ಮ ವಡೋದರದ ಮಕರಪುರದಲ್ಲಿದ್ದ ಕಿರಿಮಗನ ಮನೆಗೆ ಹೋದರು. ಅವರು ಅತ್ತ ಹೋಗಿದ್ದೇ ತಡ, ಗೋಡೆ ಒಣಗತೊಡಗಿತು. ಚೈತ್ರಾ ಕೆಮ್ಮದೆ ನಿದ್ದೆ ಮಾಡಿದಳು. ಅವರು ವಾಪಸು ಬಂದರು, ಗೋಡೆ ಮತ್ತೆ ಬೆವರಿತು. ಅತ್ತೆಗೂ ಗೋಡೆಗೂ ಇದೆಂಥ ನಂಟು ಎಂದು ಸುಮತಿ ತಲೆಯೆತ್ತಿ ನೋಡಿದಳು. ಉತ್ತರ ಮೇಲೇ ನೇತಾಡುತ್ತಿತ್ತು.

ಸಾವಿತ್ರಮ್ಮ ಮಡಿಯವರು. ಅಡುಗೆಗೂ ಪೂಜೆಗೂ ಉಡುವ ಸೀರೆಯನ್ನು ಒಗೆದು, ಯಾರ ಕೈಗೂ ನಿಲುಕದ ಹಾಗೆ, ಕೋಲಿನಿಂದ ಎತ್ತಿ ಗಳದ ಮೇಲೆ ಹರವಬೇಕು. ಬಾಲ್ಕನಿಯಲ್ಲಿ ಕೆಲಸದವಳು ಮುಟ್ಟುತ್ತಾಳೆ, ಪಕ್ಕದ ಮನೆಯ ಮಕ್ಕಳು ಮುಟ್ಟುತ್ತಾರೆ ಎಂದು ಬಿದಿರಿನ ಗಳವನ್ನು ಎ.ಸಿ. ಕೋಣೆಯ ಸೀಲಿಂಗಿಗೆ ಕಟ್ಟಿಸಿದ್ದರು. ದಿನವೂ ಒಂಬತ್ತು ಗಜದ ಹಸಿ ಸೀರೆ, ಮುಚ್ಚಿದ ಕಿಟಕಿ, ತಣ್ಣನೆಯ ಗೋಡೆ. ಸೀರೆಯ ನೀರು ಹೋಗುವುದಾದರೂ ಎಲ್ಲಿಗೆ?

ಸುಮತಿ ಹೇಳಿ ನೋಡಿದಳು. ಸಾವಿತ್ರಮ್ಮ ಕೇಳಿಸದವರಂತೆ ತುಳಸಿಗೆ ನೀರು ಹಾಕಿದರು. ಮತ್ತೆ ಹೇಳಿದಳು, ಮದುವೆಯಾದಾಗಿನಿಂದ ನಡೆಸಿಕೊಂಡು ಬಂದ ಮಡಿಯನ್ನು ಸೊಸೆಯ ಮಾತಿಗೆ ಬಿಡುವವಳಲ್ಲ ಎಂದರು. ಮಾರನೆಯ ಬೆಳಿಗ್ಗೆ ಸುಮತಿ, ಇನ್ನೂ ಸ್ನಾನವಾಗದ ಮೈಯಲ್ಲೇ, ಸ್ಟೂಲು ಹತ್ತಿ ಹಸಿ ಸೀರೆಯನ್ನು ಕೆಳಗೆಳೆದಳು. ಸಾವಿತ್ರಮ್ಮ ಬಾಗಿಲಲ್ಲೇ ನಿಂತಿದ್ದರು. ಸುಮತಿ ಸೀರೆಯನ್ನು ಕೈಯಲ್ಲಿ ಹಿಡಿದೇ ಅವರತ್ತ ತಿರುಗಿದಳು.

“ಮಡಿ ಕೆಟ್ಟರ ನೀವು ಮತ್ತ ಸ್ನಾನ ಮಾಡಬಹುದ್ರಿ ಅತ್ಯಾ. ಚೈತ್ರಾನ ಉಸಿರು ಕೆಟ್ಟರ ನಾ ಏನ್ ಮಾಡ್ಲಿ?”

ಸಾವಿತ್ರಮ್ಮ ಆ ದಿನ ಅಡುಗೆಮನೆಗೆ ಕಾಲಿಡಲಿಲ್ಲ. ಮಧ್ಯಾಹ್ನ ಮಲಗಿದ್ದ ಮೊಮ್ಮಗಳ ಪಕ್ಕದಲ್ಲಿ ಹೋಗಿ ಕೂತರು. ಅವಳ ಎದೆಯ ಗೊರಗೊರ ಕೇಳುತ್ತ ಏಳುವುದನ್ನೇ ಮರೆತರು.

ಸಂಜೆ ಹಯವದನ ಬಂದವನೇ, ತಂಗಿ ಒಪ್ಪಿದ್ದಾಳೆ, ಭಾನುವಾರ ಚೈತ್ರಾಳನ್ನು ಕರೆದುಕೊಂಡು ಹೊರಡುತ್ತೇನೆ ಎಂದ. ಸುಮತಿ ಬಾಯಿ ತೆರೆಯುವ ಮೊದಲೇ ಸಾವಿತ್ರಮ್ಮ ಕೋಣೆಯಿಂದ ಹೊರಗೆ ಬಂದರು.

“ಕೂಸು ಎಲ್ಲೂ ಹೋಗೂದಿಲ್ಲ. ಗಳಾ ಬಿಚ್ಚಿ ಬಾಲ್ಕನ್ಯಾಗ ಕಟ್ಟು. ಮುಟ್ಟಿದವರು ಮುಟ್ಟಲಿ.”